ಅನ್ನನಾಳ ಎಲ್ಲಿ ಮುಗಿಯುತ್ತದೆ?

ಪತ್ರ: “ಅನ್ನನಾಳದ ಕ್ಯಾನ್ಸರ್ ಇಳಿಯುತ್ತಿದೆ ಎಂದು ಒಂದು ಸಂಚಿಕೆಯಲ್ಲಿ ಬರೆದಿರಿ, ಏರುತ್ತಿದೆ ಎಂದು ಮುಂದಿನದರಲ್ಲಿ. ಯಾವುದನ್ನು ನಂಬಬೇಕು? ಎಲ್ಲಕ್ಕೂ ಈಗಿನ ಊಟವೇ ಕಾರಣ ಎಂದು ನೇರವಾಗಿ ಹೇಳಲು ನಿಮಗೇಕೆ ಅಳುಕು?” — ಓದುಗರೊಬ್ಬರು

ಸಂಪಾದಕರ ಉತ್ತರ: ಎರಡನ್ನೂ ನಂಬಿ. ಅಲ್ಲಿರುವುದು ಒಂದು ಕಾಯಿಲೆಯಲ್ಲ, ಎರಡು. ನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು ಸ್ಕ್ವಾಮಸ್. ತಂಬಾಕು, ಮದ್ಯಗಳ ಜೊತೆ ಅದರ ನಂಟು. ಗ್ರಂಥಿಕೋಶಗಳಲ್ಲಿ, ಬಹುಪಾಲು ನಾಳದ ಕೆಳತುದಿಯಲ್ಲಿ ಹುಟ್ಟುವುದು ಅಡಿನೋಕಾರ್ಸಿನೋಮ. ಅದಕ್ಕೆ ಬೊಜ್ಜು ಮತ್ತು ವರ್ಷಗಟ್ಟಲೆಯ ಎದೆಯುರಿಯ ನಂಟು. ಅಮೆರಿಕದ ಬಿಳಿಯ ಗಂಡಸರಲ್ಲಿ 1970ರ ದಶಕದಿಂದೀಚೆಗೆ ಮೊದಲನೆಯದು ಇಳಿಯಿತು, ಎರಡನೆಯದು ಏರಿ ಅದನ್ನು ಹಿಂದೆ ಹಾಕಿತು. ಎರಡನ್ನೂ ಕೂಡಿಸಿ ಒಂದೇ ಗೆರೆ ಎಳೆದರೆ ಈ ಅದಲುಬದಲು ಕಾಣುವುದೇ ಇಲ್ಲ.

ಜಠರದ್ದೂ ಇದೇ ಪಾಡು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಕಡಿಮೆಯಾದ ಕಡೆಗಳಲ್ಲಿ ಕೆಳಭಾಗದ ಕ್ಯಾನ್ಸರ್ ಇಳಿದಿದೆ. ಅನ್ನನಾಳಕ್ಕೆ ಅಂಟಿದ ಮೇಲ್ತುದಿಯ, ಅಂದರೆ ಕಾರ್ಡಿಯಾದ, ಕ್ಯಾನ್ಸರ್ ಹಾಗೆ ಇಳಿದಿಲ್ಲ.

ನಿಮ್ಮ ಊಟದ ವಾದವನ್ನು ತಳ್ಳಿಹಾಕುತ್ತಿಲ್ಲ; ಊಟದ ನಂಟು ಬೊಜ್ಜು, ಎದೆಯುರಿಗಳ ಮೂಲಕ ಬರಬಹುದು. 1999ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಎದೆಯುರಿ, ಹುಳಿತೇಗು ಕಾಡುತ್ತಿದ್ದವರಲ್ಲಿ ಅನ್ನನಾಳದ ಅಡಿನೋಕಾರ್ಸಿನೋಮದ ಸಂಭವ ಸುಮಾರು 8 ಪಟ್ಟು, ಕಾರ್ಡಿಯಾದ್ದು 2 ಪಟ್ಟು ಕಂಡಿತು. ಅಡಿನೋಕಾರ್ಸಿನೋಮದ ಏರಿಕೆ ಬರೀ ಎಂಡೋಸ್ಕೋಪಿ (ನಳಿಕೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಹೆಚ್ಚಾದದ್ದರ ಫಲವೂ ಅಲ್ಲ. ಹಾಗಿದ್ದರೆ ಸಾವಿನ ಲೆಕ್ಕವೂ ಜೊತೆಗೇ ಏರುತ್ತಿರಲಿಲ್ಲ. ಸರಿ, ಇಷ್ಟು ನಿಮ್ಮ ಪಾಲಿಗೆ. ಆದರೆ ಎರಡು ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವಷ್ಟು ಶ್ರದ್ಧೆಯಿರುವ ನೀವು, ತಟ್ಟೆಗೆ ಕೈ ತೋರಿಸುವ ಮುನ್ನ ಎಣಿಸಿದವರು ಹೇಗೆ ಎಣಿಸಿದರು ಎಂದು ಕೇಳಬೇಕಿತ್ತು.

ಏಕೆಂದರೆ ಅನ್ನನಾಳ ಮುಗಿದು ಜಠರ ಶುರುವಾಗುವ ಜಾಗವೇ ತಕರಾರಿನದು. 1950ರಲ್ಲಿ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್, ಎದೆಯೊಳಗೆ ಜಠರದಂಥ ಒಳಪದರವಿದ್ದ ನಾಳವನ್ನು ಕಂಡು, ಇದು ಮೇಲಕ್ಕೆ ಎಳೆದುಕೊಂಡ ಜಠರ ಎಂದು ವಾದಿಸಿದರು. 1957ರಲ್ಲಿ, ಅಲ್ಲ, ಅನ್ನನಾಳವೇ ಎಂದು ಒಪ್ಪಿಕೊಂಡರು. ಇಂದು ಆ ಸ್ಥಿತಿಗೆ ಅವರದೇ ಹೆಸರು! ಗಡಿಯಿಂದ 3 ಸೆಂಟಿಮೀಟರ್ ಕೆಳಗೆ ನಡುಬಿಂದುವಿದ್ದು ಗಡಿ ದಾಟಿ ಬೆಳೆದ ಗೆಡ್ಡೆಯನ್ನೇ ನೋಡಿ. ಟಿಎನ್‌ಎಂ ಎಂಬ, ಕ್ಯಾನ್ಸರಿನ ಹಂತ ಗೊತ್ತುಮಾಡುವ ವರ್ಗೀಕರಣದ 7ನೇ ಆವೃತ್ತಿಯಲ್ಲಿ ಅದು ಅನ್ನನಾಳದ್ದು, ಏಕೆಂದರೆ ಅಲ್ಲಿ ಮಿತಿ 5 ಸೆಂಟಿಮೀಟರ್. 8ನೇ ಆವೃತ್ತಿ ಮಿತಿಯನ್ನು 2ಕ್ಕೆ ಇಳಿಸಿತು, ಗೆಡ್ಡೆ ಜಠರದ್ದಾಯಿತು. ರೋಗಿಯ ಹೊಟ್ಟೆಯಲ್ಲಿ ಅದು ಇದ್ದಲ್ಲೇ ಇತ್ತು.

ಎಂಡೋಸ್ಕೋಪಿ ವರದಿಯಲ್ಲಿ ಬಾಚಿಹಲ್ಲಿನಿಂದ ಅಳೆದ ಮೂರು ದೂರಗಳಿರಬೇಕು: ಒಳಪದರದ ಬಣ್ಣ ಬದಲಾಗುವ ಗೆರೆ, ಜಠರದ ಮಡಿಕೆಗಳ ಮೇಲ್ತುದಿ, ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಬಿಗಿಯುವ ಜಾಗ. ಜೊತೆಗೆ ಗೆಡ್ಡೆಯ ಮೇಲಂಚು, ಕೆಳಂಚು. ಬ್ಯಾರೆಟ್ ಸ್ಥಿತಿಯಲ್ಲಿ ಬಣ್ಣದ ಗೆರೆ ಮೇಲೇರಿರುತ್ತದೆ. ಅದನ್ನೇ ಗಡಿ ಎಂದುಕೊಂಡರೆ ಅನ್ನನಾಳದ ಗೆಡ್ಡೆ ಜಠರದ ಖಾತೆಗೆ ಬೀಳುತ್ತದೆ. ಜಠರದ ಮೇಲ್ಭಾಗ ಎದೆಯೊಳಗೆ ನುಗ್ಗುವ ಹರ್ನಿಯಾ ಇದ್ದರೆ ಮಡಿಕೆಗಳು ವಪೆಯಿಂದ ಮೇಲೆ ಸರಿದಿರುತ್ತವೆ. ಗಾಳಿ ಹೆಚ್ಚು ತುಂಬಿದರೆ ಮಡಿಕೆಗಳೇ ಮಾಯ. ಗೆಡ್ಡೆ ದೊಡ್ಡದಾಗಿ ಗಡಿಯನ್ನೇ ನುಂಗಿದ್ದರೆ ಉಳಿಯುವುದು ಅಂದಾಜು ಮಾತ್ರ.

ಅಳತೆ ಬರೆಯದೆ ಬಿಟ್ಟರೆ ಏನಾಗುತ್ತದೆಂದು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಮೊದಲ ಐದು ವರ್ಷ ಜಠರದ ಕ್ಯಾನ್ಸರ್ 100: ಕಾರ್ಡಿಯಾ 20, ಕೆಳಭಾಗ 40, ಜಾಗ ಬರೆಯದವು 40. ಕೊನೆಯ ಐದು ವರ್ಷ 80: ಕಾರ್ಡಿಯಾ 30, ಕೆಳಭಾಗ 40, ಜಾಗ ಬರೆಯದವು 10. ಕಾರ್ಡಿಯಾ ಕ್ಯಾನ್ಸರ್ ಶೇ. 50 ಏರಿತು ಎಂದು ಶೀರ್ಷಿಕೆ ಸಿದ್ಧ. ಈಗ ಜಾಗ ಬರೆಯದವನ್ನು ಗೊತ್ತಿರುವವುಗಳ ಪ್ರಮಾಣದಲ್ಲೇ ಹಂಚಿ: ಕಾರ್ಡಿಯಾ ಮೊದಲು ಸುಮಾರು 33, ಕೊನೆಗೆ ಸುಮಾರು 34. ಏರಿದ್ದು ಬರೆಯುವವರ ಶಿಸ್ತು. ನಿಜವಾದ ಲೆಕ್ಕದಲ್ಲಿ ಈ ಹಂಚಿಕೆಯನ್ನು ಗಂಡು, ಹೆಣ್ಣು, ವಯಸ್ಸುಗಳಿಗೆ ಬೇರೆಬೇರೆಯಾಗಿ ಮಾಡಿ, ಮೇಲೆ ವಯೋಹೊಂದಾಣಿಕೆಯನ್ನೂ ಮಾಡಬೇಕು; ಇಲ್ಲದಿದ್ದರೆ ಜನ ಮುದಿಯಾದದ್ದೇ ಕಾಯಿಲೆ ಹಬ್ಬಿದಂತೆ ಕಾಣುತ್ತದೆ.

ಕಾರಣ ಹುಡುಕುವವರಿಗೆ ವೇದಿಕೆಯುಂಟು, ಶಾಲುಂಟು. ಕ್ಯಾನ್ಸರ್ ನೋಂದಣಿಯ ಕೋಣೆಯಲ್ಲಿ ಕಡತದ ಮೇಲೆ ಕಡತ ತಿರುವಿ ಸಂಕೇತ ಹಾಕುವವರ ಹೆಸರನ್ನು ಯಾವ ಪತ್ರಿಕೆಯೂ, ನಮ್ಮದೂ ಸೇರಿದಂತೆ, ಅಚ್ಚು ಹಾಕಿಲ್ಲ. ಅವರ ಮೇಜಿಗೆ ಬಂದ ಕಾಗದದಲ್ಲಿ “ಜಠರದ ಗೆಡ್ಡೆ” ಎಂದಷ್ಟೇ ಇದ್ದರೆ ಅವರು ಸಿ 16.0 ಎಂದು ಕಾರ್ಡಿಯಾದ ಸಂಕೇತ ಹಾಕುವಂತಿಲ್ಲ, ಸಿ 16.9, ಜಾಗ ತಿಳಿಯದು, ಎಂದು ಬರೆದು ಮುಂದಿನ ಕಡತ ತೆಗೆಯುತ್ತಾರೆ.