ಕಬ್ಬು ತಾಗಿ ಒಡೆದ ಕಾರಿನ ಕಿಟಕಿ: ಕ್ಲೇಮ್ ಮಾಡಬೇಕಾ, ಕೈಯಿಂದ ಹಾಕಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಹೋದ ವಾರ ಮುಧೋಳದಿಂದ ಜಮಖಂಡಿಗೆ ಹೊರಟಿದ್ದೆ. ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ ಟ್ರೇಲರ್‌ನಿಂದ ಹೊರಗೆ ಚಾಚಿದ್ದ ಕಬ್ಬು ಬಡಿದು ನನ್ನ ಕಾರಿನ ಎಡಗಡೆ ಹಿಂದಿನ ಬಾಗಿಲಿನ ಗಾಜು ಪುಡಿಪುಡಿ ಆಯಿತು. ಪುಣ್ಯಕ್ಕೆ ಹಿಂದೆ ಯಾರೂ ಕೂತಿರಲಿಲ್ಲ. ಎಂಟು ವರ್ಷದ ಸಣ್ಣ ಪೆಟ್ರೋಲ್ ಕಾರು, ಹಿಂದಿನ ಕಿಟಕಿಗೆ ಕೈಯಿಂದ ತಿರುಗಿಸುವ ಹಿಡಿಕೆ ಇದೆ. ಗ್ಯಾರೇಜಿನವರು ಹುಬ್ಬಳ್ಳಿಯಿಂದ ಗಾಜು ತರಿಸಬೇಕು, ಮೂರ್ನಾಲ್ಕು ದಿನ ಆಗುತ್ತದೆ ಅಂತಾರೆ. ನಮ್ಮ ಅಕ್ಕನ ಮಗ ಗುಜರಿಯಿಂದ ತಂದು ತಾನೇ ಹಾಕುತ್ತೇನೆ ಅಂತಾನೆ. ಇನ್ಶೂರೆನ್ಸ್ ಇದೆ, ನೋ ಕ್ಲೇಮ್ ಬೋನಸ್ ಶೇ 50 ಇದೆ. ಕ್ಲೇಮ್ ಮಾಡಲಾ? ಹುಡುಗನ ಕೈಗೆ ಕೊಡಲಾ?
– ಓದುಗರು, ಮುಧೋಳ

ಉತ್ತರ: ಕಬ್ಬು ನುರಿಸುವ ಹಂಗಾಮು ಶುರುವಾದರೆ ಬಾಗಲಕೋಟೆ ಜಿಲ್ಲೆಯಿಂದ ಇಂಥ ಪತ್ರ ಬರುವುದು ಮಾಮೂಲಿ. ಟ್ರೇಲರ್ ಎಡಕ್ಕೆ ಇರುತ್ತದೆ, ನೀವು ಬಲದಿಂದ ದಾಟುತ್ತೀರಿ. ಹಾಗಾಗಿ ಪೆಟ್ಟು ಬೀಳುವುದು ಎಡಗಡೆಯ ಕನ್ನಡಿಗೆ ಇಲ್ಲವೇ ಎಡಗಡೆಯ ಗಾಜಿಗೆ.

ಮೊದಲು ದುಡ್ಡಿನ ಮಾತು ಮುಗಿಸೋಣ. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ಗಾಜಿಗೆ ಒಂದು ಪೈಸೆಯೂ ಬರುವುದಿಲ್ಲ. ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಇದೆ ಅಂದಿದ್ದೀರಿ, ಹಾಗಾದರೆ ನಿಮ್ಮ ಕಾರಿನ ಹಾನಿಗೂ ಹಣ ಕೊಡುವ ಫುಲ್ ಇನ್ಶೂರೆನ್ಸ್ ಇದೆ ಅಂತಾಯಿತು. ಅದರಲ್ಲಿ ಗಾಜಿಗೆ ಸವಕಳಿ ಕಡಿತ, ಅಂದರೆ ಭಾಗ ಹಳೆಯದು ಅಂತ ಹಣ ಕಡಿಯುವುದು, ಇಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗಾದರೆ ಶೇ 50 ಕಡಿಯುತ್ತಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನೀವೇ ಹಾಕಬೇಕು. ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000.

ಈಗ ಬೋನಸ್ ಲೆಕ್ಕ. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ನಿಮ್ಮ ಶೇ 50 ಸೊನ್ನೆಗೆ ಇಳಿಯುತ್ತದೆ. ಆಮೇಲೆ ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ 20, ನಂತರ 25, 35, 45, ಕೊನೆಗೆ ಮತ್ತೆ 50. ನಿಮ್ಮ ಪಾಲಿಸಿಯಲ್ಲಿ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 4,000 ರೂಪಾಯಿ ಅಂತ ಹಿಡಿಯಿರಿ. ಮೊದಲ ವರ್ಷ 2,000 ರೂಪಾಯಿ ರಿಯಾಯಿತಿ ಹೋಯಿತು. ಮುಂದಿನ ವರ್ಷ 1,200, ಆಮೇಲೆ 1,000, 600, 200. ಒಟ್ಟು 5,000. ಕಾರು ಹಳೆಯದಾದಂತೆ ಪ್ರೀಮಿಯಂ ಸ್ವಲ್ಪ ಇಳಿಯುವುದರಿಂದ ಇಷ್ಟೇ ಆಗಲಿಕ್ಕಿಲ್ಲ, ಆದರೂ ಅಂದಾಜು ಸಿಕ್ಕಿತಲ್ಲ. ಗಾಜು, ಕೂಲಿ ಸೇರಿ ಬಿಲ್ 3,000 ಬಂದರೆ ಕಂಪನಿ ಕೊಡುವುದು 2,000. ಎರಡು ಸಾವಿರ ಪಡೆಯಲು ಐದು ಸಾವಿರ ಬಿಡುವುದು ಯಾವ ಊರಿನ ವ್ಯಾಪಾರ? ಕೈಯಿಂದಲೇ ಹಾಕಿಸಿ.

ಎರಡು ಸಂದರ್ಭದಲ್ಲಿ ಮಾತ್ರ ಈ ಮಾತು ಬದಲಾಗುತ್ತದೆ. ಕಬ್ಬು ಬಾಗಿಲನ್ನೂ ನೆಗ್ಗಿಸಿದ್ದರೆ ಡೆಂಟಿಂಗ್, ಪೇಂಟಿಂಗ್ ಸೇರಿ ಬಿಲ್ ಏರುತ್ತದೆ, ಆಗ ಎಲ್ಲ ಸೇರಿಸಿ ಒಂದೇ ಕ್ಲೇಮ್ ಮಾಡಿ. ಇಲ್ಲವೇ ನಿಮ್ಮ ಪಾಲಿಸಿಯಲ್ಲಿ ಬೋನಸ್ ಉಳಿಸುವ ಆ್ಯಡ್-ಆನ್ ಇರಬೇಕು. ಪಾಲಿಸಿ ಹಾಳೆ ತೆಗೆದು ಒಮ್ಮೆ ಓದಿ. ಏಜೆಂಟ್ ಬಾಯಿಮಾತಿಗೆ ಬಿಡಬೇಡಿ. ಕ್ಲೇಮ್ ಮಾಡುವುದೇ ಆದರೆ ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಗಾಜು ಹಾಕಿಸಬಾರದು, ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಹುಡುಗನ ವಿಷಯ. ಗುಜರಿ ಗಾಜು ಅಂತ ಮೂಗು ಮುರಿಯಬೇಕಿಲ್ಲ. ಪಕ್ಕದ ಕಿಟಕಿಯದು ಟಫನ್ಡ್ ಗಾಜು. 600 ಡಿಗ್ರಿಗೂ ಮೇಲೆ ಕಾಯಿಸಿ, ಜೋರು ಗಾಳಿಯಿಂದ ಒಮ್ಮೆಲೇ ತಣಿಸಿರುತ್ತಾರೆ. ಅದರಿಂದ ಹೊರಮೈ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಒಳಗೆ ಎಳೆತ ಇರುತ್ತದೆ. ಹೊರಮೈಯ ಆ ಬಿಗಿ ಒಂದು ಕಡೆ ಸೀಳಿದರೆ ಇಡೀ ಗಾಜು ಕಲ್ಲುಸಕ್ಕರೆ ಹರಳಿನ ಹಾಗೆ ಉದುರುತ್ತದೆ. ಅದಕ್ಕೇ ಇದಕ್ಕೆ ರಿಪೇರಿ ಇಲ್ಲ, ಕತ್ತರಿಸಿ ಅಳತೆಗೆ ತರುವುದೂ ಆಗುವುದಿಲ್ಲ. ಯಾರಾದರೂ ಸ್ವಲ್ಪ ಉಜ್ಜಿ ಕೂರಿಸುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಮುಂದಿನ ವಿಂಡ್‌ಶೀಲ್ಡ್ ಬೇರೆ ಜಾತಿ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟ ಲ್ಯಾಮಿನೇಟೆಡ್ ಗಾಜು, ಸಣ್ಣ ಬಿರುಕನ್ನು ತುಂಬಬಹುದು. ಕೆಲವು ದುಬಾರಿ ಕಾರುಗಳಲ್ಲಿ ಬಾಗಿಲಿಗೂ ಲ್ಯಾಮಿನೇಟೆಡ್ ಇರುತ್ತದೆ, ನಿಮ್ಮದು ಪುಡಿಯಾಗಿದೆ ಅಂದಮೇಲೆ ಟಫನ್ಡೇ.

ಟಫನ್ಡ್ ಗಾಜು ಹಳೆಯದಾದರೆ ಕೆಡುವುದಿಲ್ಲ. ಗುಜರಿಯಲ್ಲಿ ಗಾಜನ್ನು ಕೈಗೆ ತೆಗೆದುಕೊಂಡು ನಾಲ್ಕೂ ಅಂಚನ್ನು ಬಟ್ಟೆಯಿಂದ ಸವರಿ ನೋಡಿ. ಅಂಚಿನಲ್ಲಿ ಚಿಕ್ಕ ಚಕ್ಕೆ ಎದ್ದಿದ್ದರೂ ಬೇಡ. ಅಂಥ ಗಾಜು ಇವತ್ತು ಕೂತು ಮುಂದಿನ ತಿಂಗಳು ಬಾಗಿಲು ಜೋರಾಗಿ ಹಾಕಿದಾಗ ಒಡೆಯಬಹುದು. ಮಾಡೆಲ್ ಹೆಸರು ಒಂದೇ ಇದ್ದರೂ ಹೊಸ ಆಕಾರ ಬಂದ ವರ್ಷದ ಹಿಂದೆ ಮುಂದೆ ಗಾಜು ಬದಲಾಗಿರುತ್ತದೆ, ಆದ್ದರಿಂದ ನಿಮ್ಮ ಕಾರಿನ ವರ್ಷ ಹೇಳಿ ಕೇಳಿ. ಎಡದ ಗಾಜು ಬಲಕ್ಕೆ ಬರುವುದಿಲ್ಲ. ಹಸಿರು ಛಾಯೆಯ ಗಾಜಿನ ಕಾರಿಗೆ ಬಿಳಿ ಗಾಜು ಹಾಕಿದರೆ ದೂರದಿಂದಲೇ ಗೊತ್ತಾಗುತ್ತದೆ, ಮಾರುವಾಗ ಗಿರಾಕಿ ಅದನ್ನೇ ಹಿಡಿದು ಚೌಕಾಸಿ ಮಾಡುತ್ತಾನೆ. ಹೊಸ ಗಾಜು ಕೊಂಡರೆ ಮೂಲೆಯಲ್ಲಿ ಮುದ್ರೆ ನೋಡಿ. ಐಎಸ್‌ಐ ಗುರುತು, ಐಎಸ್ 2553 ಅನ್ನುವ ಸಂಖ್ಯೆ ಇರಬೇಕು. ಮುದ್ರೆಯೇ ಇಲ್ಲದ ಗಾಜು ಎಷ್ಟು ಅಗ್ಗವಾದರೂ ಬೇಡ.

ಹುಡುಗನಿಗೆ ಪಾನಾ ಹಿಡಿದು ರೂಢಿ ಇದ್ದರೆ ಹಾಕಲಿ ಬಿಡಿ. ಗಾಜು ಕೂರಿಸುವುದು ಅರ್ಧ ತಾಸಿನ ಕೆಲಸ. ಬಾಗಿಲಿನ ಹೊಟ್ಟೆಯೊಳಗೆ ಬಿದ್ದ ಹರಳು ತೆಗೆಯುವುದೇ ನಿಜವಾದ ಕೆಲಸ, ಅವಸರದ ಗ್ಯಾರೇಜಿನವರು ಹಾರಿಸಿಬಿಡುವುದೂ ಅದನ್ನೇ. ಆಮೇಲೆ ವರ್ಷಗಟ್ಟಲೆ ಬಾಗಿಲು ಹಾಕಿದಾಗಲೆಲ್ಲ ಗಿಲಿಗಿಲಿ ಸದ್ದು.

ಮೊದಲು ಕೈಗೆ ದಪ್ಪ ಗ್ಲೌಸ್. ಇದು ಗಾಜಿಗಿಂತ ಬಾಗಿಲಿನ ಒಳಗಿನ ತಗಡಿಗಾಗಿ. ಆ ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಮೆಕ್ಯಾನಿಕ್‌ಗಳ ಮುಂಗೈ ಗೀರುಗಳಲ್ಲಿ ಬಹಳಷ್ಟು ಅದರವೇ. ಕಿಟಕಿ ತಿರುಗಿಸುವ ಕೈಹಿಡಿಕೆ ತೆಗೆಯಲು ಸ್ಕ್ರೂ ಹುಡುಕಬೇಡಿ. ಬಹಳ ಕಾರುಗಳಲ್ಲಿ ಅದರ ಹಿಂದೆ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಒಂದು ಬಟ್ಟೆಪಟ್ಟಿಯನ್ನು ಹಿಡಿಕೆ ಮತ್ತು ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ನಡುವೆ ತೂರಿಸಿ, ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಎಳೆದರೆ ಕ್ಲಿಪ್ ಚಿಮ್ಮಿ ಬರುತ್ತದೆ. ಇನ್ನೊಂದು ಕೈ ಅಡ್ಡ ಹಿಡಿಯಿರಿ, ಇಲ್ಲವಾದರೆ ಅದು ಎಲ್ಲಿ ಹಾರಿತು ಅಂತ ಹುಡುಕುತ್ತ ಕೂರಬೇಕು. ಪವರ್ ವಿಂಡೋ ಇರುವ ಬಾಗಿಲಾದರೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಯೇ ಒಳಗೆ ಕೈ ಹಾಕಬೇಕು. ಆ ಮೋಟಾರ್‌ಗೆ ಬೆರಳು ಸಿಕ್ಕರೆ ಕರುಣೆ ಇಲ್ಲ.

ಬಾಗಿಲು ಎಳೆಯುವ ಹಿಡಿಯ ಒಳಗೆ, ಲಾಕ್ ಹಿಡಿಕೆಯ ಹಿಂದೆ ಸ್ಕ್ರೂ ಅಡಗಿರುತ್ತವೆ. ಅವನ್ನು ಬಿಚ್ಚಿದ ಮೇಲೆ ಪ್ಯಾಡನ್ನು ಕೆಳಗಿನ ಮೂಲೆಯಿಂದ ಒಂದೊಂದೇ ಕ್ಲಿಪ್ ಬಿಡಿಸಿಕೊಂಡು ಬನ್ನಿ. ಎಂಟು ಬೇಸಿಗೆ ಕಂಡ ಪ್ಲಾಸ್ಟಿಕ್ ಕ್ಲಿಪ್ ಒಂದೆರಡು ಮುರಿಯುವುದು ಖಂಡಿತ. ಮೊದಲೇ ನಾಲ್ಕು ಹೊಸ ಕ್ಲಿಪ್ ತಂದಿಟ್ಟುಕೊಳ್ಳಿ, ಚಿಲ್ಲರೆ ದುಡ್ಡಿನ ವಸ್ತು. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಅದನ್ನು ಹರಿಯದೆ ನಿಧಾನ ಬಿಡಿಸಿ. ಅದು ಯಾಕೆ ಅಷ್ಟು ಮುಖ್ಯ ಅಂತ ಕೆಳಗೆ ಬೆಳಗಾವಿಯ ಓದುಗರಿಗೆ ಹೇಳಿದ್ದೇನೆ.

ಈಗ ವ್ಯಾಕ್ಯೂಮ್ ಕ್ಲೀನರ್. ಬಾಗಿಲಿನ ತಳ ಪೂರ್ತಿ, ಮೂಲೆಗಳು, ಗಾಜು ಏರಿಸಿ ಇಳಿಸುವ ಗ್ಲಾಸ್ ಮಶೀನಿನ ಹಲ್ಲುಗಳು, ಗಾಜು ಓಡಾಡುವ ರಬ್ಬರ್ ಚಾನಲ್. ಚಾನಲ್‌ನಲ್ಲಿ ಒಂದು ಹರಳು ಉಳಿದರೂ ಹೊಸ ಗಾಜಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ನಮ್ಮ ಕಡೆ ಎರೆ ಮಣ್ಣಿನ ಧೂಳೂ ಅಲ್ಲೇ ಕೂತಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಬಾಗಿಲಿನ ತಳದ ಅಂಚಿನಲ್ಲಿ ನೀರು ಹೋಗುವ ತೂತುಗಳಿವೆ, ಅವು ಹರಳಿನಿಂದ ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ತಳ ತುಕ್ಕು ಹಿಡಿಯುತ್ತದೆ.

ಹಿಂದಿನ ಬಾಗಿಲಿನಲ್ಲಿ ಒಂದು ತೊಡಕು ಇದೆ. ಎಷ್ಟೋ ಕಾರುಗಳಲ್ಲಿ ಓಡುವ ಗಾಜಿನ ಪಕ್ಕ ತ್ರಿಕೋನದ ಚಿಕ್ಕ ಗಾಜು, ನಡುವೆ ಒಂದು ಕಂಬಿ ಇರುತ್ತದೆ. ಆ ಕಂಬಿಯ ಸ್ಕ್ರೂ ಸಡಿಲಿಸದೆ ಹೊಸ ಗಾಜು ಒಳಗೆ ಇಳಿಯುವುದಿಲ್ಲ. ಬಲವಂತ ಮಾಡಿದರೆ ಅಂಚು ತಗಡಿಗೆ ತಾಗಿ ಹೊಸದೂ ಪುಡಿ. ಗಾಜನ್ನು ಓರೆಯಾಗಿ ಇಳಿಸಿ, ಕೆಳಗೆ ಮಶೀನಿನ ಪಟ್ಟಿಗೆ ಕೂರಿಸಿ, ಬೋಲ್ಟ್‌ಗಳನ್ನು ಕೈಯಲ್ಲಷ್ಟೇ ಬಿಗಿ ಮಾಡಿ. ಗಾಜನ್ನು ಮೇಲಕ್ಕೆ ಏರಿಸಿ, ಅದು ಚಾನಲ್‌ನಲ್ಲಿ ತನ್ನ ಜಾಗ ಹುಡುಕಿಕೊಳ್ಳಲಿ. ಆಮೇಲೆ ಪಾನಾ ಹಾಕಿ ಬಿಗಿ ಮಾಡಿ, ಗಾಜು ನುಲಿಯುವಷ್ಟು ಜೋರು ಬೇಡ. ಪ್ಯಾಡ್ ಮುಚ್ಚುವ ಮುಂಚೆ ಹತ್ತು ಸಲ ಏರಿಸಿ ಇಳಿಸಿ ನೋಡಿ. ಬಿಗಿ ಅನ್ನಿಸಿದರೆ ಚಾನಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ರಬ್ಬರ್ ಉಬ್ಬುತ್ತದೆ, ಧೂಳೂ ಹಿಡಿಯುತ್ತದೆ.

ಗಾಜು ಬರುವ ತನಕ ಕಾರು ಓಡಿಸಲೇಬೇಕಾದರೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿನ ಚೌಕಟ್ಟಿನ ಮೇಲಿಂದ ಒಳಕ್ಕೆ ಮಡಚಿ ಬಾಗಿಲು ಹಾಕಿಬಿಡಿ. ಟೇಪ್ ಬೇಕೇ ಬೇಕಾದರೆ ಪೇಂಟಿನ ಮೇಲೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೇಲೆ ಬೇರೆ ಟೇಪ್. ನಮ್ಮ ಬಿಸಿಲಿಗೆ ಕಂದು ಟೇಪಿನ ಅಂಟು ಪೇಂಟಿಗೆ ಬೆಂದು ಕೂರುತ್ತದೆ. ಸೀಟಿನ ಸಂದಿ, ಸೀಟ್ ಬೆಲ್ಟ್ ಎರಡನ್ನೂ ಮರೆಯಬೇಡಿ. ಬೆಲ್ಟನ್ನು ಪೂರ್ತಿ ಹೊರಗೆಳೆದು ಒರೆಸಿ, ಇಲ್ಲವಾದರೆ ಹರಳು ಅದರ ಜೊತೆ ಸುತ್ತಿಕೊಂಡು ಒಳಗೆ ಹೋಗುತ್ತದೆ. ವ್ಯಾಕ್ಯೂಮಿಗೆ ಸಿಗದ ಸಣ್ಣ ಚೂರಿಗೆ ನಾದಿದ ಗೋಧಿ ಹಿಟ್ಟು ಒತ್ತಿ ತೆಗೆಯಿರಿ. ಜೋಳದ ಹಿಟ್ಟಿಗೆ ಆ ಜಿಗುಟು ಇಲ್ಲ, ಅದು ರೊಟ್ಟಿಗೇ ಇರಲಿ. ಕೆಲಸ ಮುಗಿದ ಮೇಲೆ ಆ ಹಿಟ್ಟನ್ನು ದನ, ನಾಯಿಗೆ ಸಿಗದ ಹಾಗೆ ಕಟ್ಟಿ ಎಸೆಯಿರಿ.

ಪ್ರಶ್ನೆ: ವಿಜಯಪುರದಲ್ಲಿ ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಗಾಜು ಮಧ್ಯಾಹ್ನ ತಾನಾಗಿಯೇ ಸಿಡಿಯಿತು. ಹತ್ತಿರ ಯಾರೂ ಇರಲಿಲ್ಲ. ಬಿಸಿಲಿಗೆ ಹೀಗಾಗುತ್ತದಾ?
– ಓದುಗರು, ವಿಜಯಪುರ

ಉತ್ತರ: ಬಿಸಿಲು ಒಂದೇ ಕಾರಣ ಆಗಿದ್ದರೆ ಏಪ್ರಿಲ್ ಬಂದರೆ ವಿಜಯಪುರದಲ್ಲಿ ಒಂದು ಕಾರಿಗೂ ಗಾಜು ಉಳಿಯುತ್ತಿರಲಿಲ್ಲ. ಟಫನ್ಡ್ ಗಾಜು ನಿಮ್ಮ 42 ಡಿಗ್ರಿಗಿಂತ ಎಷ್ಟೋ ಹೆಚ್ಚಿನ ತಾಪದ ಏರಿಳಿತ ತಡೆಯುತ್ತದೆ. ಆದರೆ ಅಂಚಿನಲ್ಲಿ ಹಳೆಯ ಚಕ್ಕೆ ಇದ್ದರೆ, ಗಾಜು ಚೌಕಟ್ಟಿನಲ್ಲಿ ಓರೆಯಾಗಿ ಕೂತು ಒಂದು ಕಡೆ ಒತ್ತುತ್ತಿದ್ದರೆ, ಬಿಸಿಲು ಕೊನೆಯ ನೂಕು ಕೊಡಬಹುದು. ತಯಾರಿಕೆಯಲ್ಲಿ ಗಾಜಿನೊಳಗೆ ಸೇರಿದ ನಿಕ್ಕಲ್ ಸಲ್ಫೈಡ್ ಕಣ ನಿಧಾನವಾಗಿ ಹಿಗ್ಗಿ ಗಾಜು ಸಿಡಿಯುವುದೂ ಉಂಟು, ಅದು ಅಪರೂಪ. ಅವತ್ತು ಓಣಿಯಲ್ಲಿ ಯಾರಾದರೂ ಮಶೀನಿನಿಂದ ಹುಲ್ಲು ಕತ್ತರಿಸುತ್ತಿದ್ದರಾ ಕೇಳಿ ನೋಡಿ. ಅದರಿಂದ ಹಾರುವ ಹರಳುಕಲ್ಲು ಗುಂಡಿನ ಹಾಗೆ ಬರುತ್ತದೆ, ಬಿದ್ದದ್ದು ಕಾಣುವುದಿಲ್ಲ. ಕಾರಿನೊಳಗೆ ಕಲ್ಲು ಇದೆಯಾ, ಏನಾದರೂ ಕಳುವಾಗಿದೆಯಾ ಅಂತಲೂ ಹುಡುಕಿ. ಕಳುವಾಗಿದ್ದರೆ ಏನನ್ನೂ ಮುಟ್ಟದೆ ಫೋಟೋ ತೆಗೆದು ಮೊದಲು ಪೊಲೀಸರಿಗೆ ದೂರು ಕೊಡಿ, ಕ್ಲೇಮಿಗೆ ಅದು ಬೇಕಾಗುತ್ತದೆ.

ಪ್ರಶ್ನೆ: ಡ್ರೈವರ್ ಕಡೆಯ ಗಾಜು ಬದಲಿಸಿ ತಿಂಗಳಾಯಿತು. ಬೆಳಗಾವಿ ಮಳೆಗೆ ಈಗ ಕಾಲಡಿಯ ಮ್ಯಾಟ್ ಒದ್ದೆ ಆಗುತ್ತಿದೆ. ಮೊದಲು ಒಂದೇ ಸಲ ಒತ್ತಿದರೆ ಏರುತ್ತಿದ್ದ ಗಾಜು ಈಗ ಅರ್ಧಕ್ಕೆ ನಿಂತು ಕೆಳಗೆ ಬರುತ್ತದೆ. ಹೊಸ ಗಾಜಿಗೆ ಫಿಲ್ಮ್ ಹಾಕಿಸಬಹುದಾ?
– ಓದುಗರು, ಬೆಳಗಾವಿ

ಉತ್ತರ: ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಎಲ್ಲ ಕಾರಿನಲ್ಲೂ ಇಳಿಯುತ್ತದೆ. ಅದು ತಳದ ತೂತಿನಿಂದ ಹೊರಗೆ ಹೋಗಬೇಕು. ಕಾರಿನೊಳಗೆ ಬರದ ಹಾಗೆ ತಡೆಯುವುದೇ ಪ್ಯಾಡಿನ ಹಿಂದಿನ ಆ ಪ್ಲಾಸ್ಟಿಕ್ ಹಾಳೆ. ನಿಮ್ಮ ಮೆಕ್ಯಾನಿಕ್ ಅದನ್ನು ಹರಿದು ಬಿಸಾಕಿರಬೇಕು, ಇಲ್ಲವೇ ಸುಮ್ನೆ ಮೇಲೆ ಇಟ್ಟು ಪ್ಯಾಡ್ ಮುಚ್ಚಿರಬೇಕು. ಪ್ಯಾಡ್ ಬಿಚ್ಚಿಸಿ, ಹಾಳೆಯ ಸುತ್ತ, ಅದರಲ್ಲೂ ಕೆಳಗಿನ ಅಂಚಿಗೆ, ಬ್ಯುಟೈಲ್ ಟೇಪ್ (ಜಿಗುಟು ರಬ್ಬರಿನ ಟೇಪ್) ಹಾಕಿಸಿ. ಹಾಳೆ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಅದೇ ಆಕಾರಕ್ಕೆ ಕತ್ತರಿಸಿದರೂ ನಡೆಯುತ್ತದೆ. ಗಾಜಿಗೆ ಒತ್ತಿಕೊಂಡಿರುವ ಹೊರಗಿನ ಬೀಡಿಂಗ್ ಪಟ್ಟಿ ಸಡಿಲ ಆಗಿದೆಯಾ ಅಂತಲೂ ನೋಡಿಸಿ. ಇದಕ್ಕೆ ಮತ್ತೆ ಕೂಲಿ ಕೊಡಬೇಡಿ, ಅವರದೇ ಬಾಕಿ ಕೆಲಸ.

ಅರ್ಧಕ್ಕೆ ನಿಲ್ಲುವುದು ಬೆರಳು ಸಿಕ್ಕಿದರೆ ಕೆಳಗಿಳಿಯುವ ಸುರಕ್ಷತಾ ವ್ಯವಸ್ಥೆಯ ಗೊಂದಲ. ಬ್ಯಾಟರಿ ಬಿಚ್ಚಿದಾಗ ಅದು ತನ್ನ ಅಳತೆ ಮರೆಯುತ್ತದೆ. ಬಹಳ ಕಾರುಗಳಲ್ಲಿ ಗಾಜನ್ನು ಪೂರ್ತಿ ಇಳಿಸಿ, ಆಮೇಲೆ ಪೂರ್ತಿ ಏರಿಸಿ, ಮೇಲೆ ಮುಟ್ಟಿದ ಮೇಲೂ ಕೆಲವು ಸೆಕೆಂಡ್ ಸ್ವಿಚ್ ಹಿಡಿದೇ ಇದ್ದರೆ ಸರಿಹೋಗುತ್ತದೆ. ನಿಮ್ಮ ಕಾರಿನ ಕ್ರಮ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೀಗೆ ಮಾಡಿದರೂ ನಿಂತರೆ ಗಾಜು ಚಾನಲ್‌ನಲ್ಲಿ ಬಿಗಿಯಾಗಿದೆ ಅಂತಲೇ ಅರ್ಥ, ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಬೇಕು.

ಕಪ್ಪು ಫಿಲ್ಮ್ ಬೇಡವೇ ಬೇಡ. 2012ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ಪಕ್ಕದ ಗಾಜಿನಿಂದ ಕನಿಷ್ಠ ಶೇ 50, ಮುಂದಿನ ಮತ್ತು ಹಿಂದಿನ ಗಾಜಿನಿಂದ ಶೇ 70 ಬೆಳಕು ಹಾಯಬೇಕು ಅನ್ನುವುದು ಮೋಟಾರು ವಾಹನ ನಿಯಮ. ಬಿಸಿಲೇ ತೊಂದರೆ ಆದರೆ ನಿಲ್ಲಿಸಿದಾಗ ಒಳಗಿನಿಂದ ಮಡಚುವ ಪರದೆ ಹಾಕಿಕೊಳ್ಳಿ, ಹೊರಡುವಾಗ ತೆಗೆಯಿರಿ.