ಎರಡು ವರ್ಷ ಎಂಟು ತಿಂಗಳ ಮಗಳ ಜೊತೆ ಮಹಾಬಲೇಶ್ವರ ಮೂರು ದಿನದಲ್ಲಿ ಮುಗಿಯುತ್ತಾ?

ಪುಣೆ, ಎರಡು ವರ್ಷ ಎಂಟು ತಿಂಗಳ ಮಗು, ಮೂರು ದಿನ ರಜೆ, ಸ್ವಂತ ಕಾರು. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೇ ಎಕ್ಸೆಲ್ ಹಾಳೆಯನ್ನೇ ಯಾರೋ ತೆಗೆದು ಹಾಕಿದ್ದಾರೆ ಅನ್ನಿಸಿತು. ಪಂಚಗಣಿ, ಮಹಾಬಲೇಶ್ವರ, ಪ್ರತಾಪಗಡ ಕೋಟೆ, ಕೊಯ್ನಾ ಹಿನ್ನೀರಿನ ದಂಡೆಯ ತಾಪೋಳಾ ಎಲ್ಲ ಮುಗಿಯುತ್ತಾ, ಇಲ್ಲಾ ಮಗಳಿಗೆ ಐದು ತುಂಬುವ ತನಕ ಕಾಯೋದಾ ಅಂತ ಕೇಳಿದ್ದೀರಿ. ಮುಗಿಯೋದಿಲ್ಲ. ಕಾಯಲೂ ಬೇಡಿ. ಯಾಕೆ ಅಂತ ಹೇಳಬೇಕಾದರೆ 2022ರ ಡಿಸೆಂಬರಿಗೆ ಹೋಗಬೇಕು.

ನಾವು ಬೀಳಗಿ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿ ಇದ್ದೇವೆ. ಅಪ್ಪ ಪ್ರತಿ ಚಳಿಗಾಲ ಬಂದು ಎರಡು ತಿಂಗಳು ನಮ್ಮ ಜೊತೆ ಇರುತ್ತಾರೆ. ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಹೊಲ, ಮನೆ, ಹನುಮಪ್ಪನ ಗುಡಿ ಎಲ್ಲ ಈಗ ನೀರಿನ ಕೆಳಗಿದೆ. ಆ ವರ್ಷ ಅಪ್ಪ ಊಟಕ್ಕೆ ಕೂತಾಗ ಹೇಳಿದರು, "ನಮ್ಮ ಮನೀ ನುಂಗಿದ ಹೊಳಿ ಎಲ್ಲಿ ಹುಟ್ಟತೈತಿ ಅಂತ ಒಮ್ಮೆ ನೋಡಬೇಕಪಾ." ಕೃಷ್ಣೆ ಹುಟ್ಟುವುದು ಹಳೇ ಮಹಾಬಲೇಶ್ವರದಲ್ಲಿ. ಅಲ್ಲಿನ ಪಂಚಗಂಗಾ ದೇವಸ್ಥಾನದಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ನದಿಗಳ ನೀರು ಒಂದೇ ಕಲ್ಲಿನ ಗೋಮುಖದಿಂದ ಬೀಳುತ್ತದೆ ಅಂತ ನಂಬಿಕೆ. ನಮ್ಮ ಮನೆಯಿಂದ ಸುಮಾರು 120 ಕಿಲೋಮೀಟರು, ಅಷ್ಟೇ.

ಅಷ್ಟಕ್ಕೇ ಹೋಗಿ ಬಂದಿದ್ದರೆ ಮುಗಿದಿತ್ತು. ಆದರೆ ಹೋಗೋದು ಹೋಗ್ತೀವಿ, ಅದೊಂದೇ ನೋಡೋದಾ ಅಂತ ನನಗೆ ಅನ್ನಿಸಿತು. ಎಕ್ಸೆಲ್ ತೆರೆದೆ. ಮೊದಲ ದಿನ ಟೇಬಲ್ ಲ್ಯಾಂಡ್, ವೆಣ್ಣಾ ಕೆರೆ, ಬಾಂಬೆ ಪಾಯಿಂಟ್‌ನಲ್ಲಿ ಸೂರ್ಯಾಸ್ತ. ಎರಡನೇ ದಿನ ವಿಲ್ಸನ್ ಪಾಯಿಂಟ್‌ನಲ್ಲಿ ಸೂರ್ಯೋದಯ, ಆರ್ಥರ್ ಸೀಟ್, ಲಿಂಗಮಳಾ ಜಲಪಾತ. ಮೂರನೇ ದಿನ ಪ್ರತಾಪಗಡ. ಅಪ್ಪನ ಹೊಳೆಗೆ ಎರಡನೇ ದಿನ 12.15ರಿಂದ 12.45ರವರೆಗೆ ಜಾಗ ಸಿಕ್ಕಿತ್ತು. ಆ ಹಾಳೆ ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಅಳಿಸಿಲ್ಲ.

ಬೆಳಗ್ಗೆ ಐದೂವರೆಗೆ ಹೊರಟೆವು. ನನ್ನ ಮಗ ನಿದ್ದೆಯಲ್ಲೇ ಇದ್ದ. ಖೇಡ್ ಶಿವಾಪುರ ಟೋಲ್ ಖಾಲಿ, ಶಿರವಳ ದಾಟಿದ್ದೇ ಗೊತ್ತಾಗಲಿಲ್ಲ. ಖಂಬಾಟಕಿ ಘಾಟ್ ಹತ್ತುವಾಗ ಎಚ್ಚರವಾದ. (ಸಾತಾರಾ ಕಡೆಯಿಂದ ಬರುವಾಗ ಸುರಂಗ ಇದೆ, ಆದರೆ ನಾವು ಹೋಗುವಾಗ ತಿರುವುಗಳನ್ನೇ ಹತ್ತಬೇಕಿತ್ತು.) ಸುರೂರ್ ಫಾಟಾದಲ್ಲಿ ತಿರುಗಿ ವಾಯಿಗೆ ಬಂದು ನಿಲ್ಲಿಸಿದೆವು. ನಮಗೆ ಚಹಾ, ವಡಾಪಾವ್. ಅವನಿಗೆ ಒಂದು ಬಾಟಲಿ ಹಾಲು, ಎರಡು ಬಿಸ್ಕತ್ತು. ಸೇತುವೆಯ ಮೇಲಿಂದ ಹೊಳೆ ಕಂಡಿತು. "ನೀಲು, ನೀಲು" ಅಂತ ಕೈ ಚಾಚಿದ. ವಾಪಸ್ ಬರುವಾಗ ಆಡೋಣ ಅಂದೆ. ಎಕ್ಸೆಲ್‌ನಲ್ಲಿ ವಾಯಿಗೆ ಇದ್ದದ್ದು ಇಪ್ಪತ್ತು ನಿಮಿಷ.

ಕಾರು ಹತ್ತಿಸಿದ ಕೂಡಲೇ ಕಿರುಚಾಟ ಶುರು. ಮುಂದೆ ಪಸರಣಿ ಘಾಟ್. ವಾಯಿಯಿಂದ ಪಂಚಗಣಿಗೆ ಸುಮಾರು 13 ಕಿಲೋಮೀಟರು, ಅಷ್ಟರಲ್ಲೇ 500 ಮೀಟರಿಗೂ ಜಾಸ್ತಿ ಏರಬೇಕು. ನಾನು ಹಿಂದೆ ಕೈ ಚಾಚಿ ನನ್ನ ಮೊಬೈಲ್ ಕೊಟ್ಟೆ. ಕಾರ್ಟೂನ್ ಹಾಕು, ಸುಮ್ನೆ ಕೂರ್ತಾನೆ ಅಂತ ಹೆಂಡತಿಗೆ ಹೇಳಿದ್ದೂ ನಾನೇ.

ಸುಮ್ಮನೆ ಕೂತ. ನಾಲ್ಕು ತಿರುವು ಆಗುವವರೆಗೆ ಕೂತ. ಆಮೇಲೆ ಬೆಳ್ಳಗಾದ, ಆಕಳಿಸಿದ, ಬಾಟಲಿ ಹಾಲೆಲ್ಲ ಅವಳ ಸೀರೆ, ಅಪ್ಪನ ಧೋತರ, ಸೀಟು, ನನ್ನ ಮೊಬೈಲ್ ಮೇಲೆ. ಘಾಟ್‌ನಲ್ಲಿ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಇನ್ನೊಂದು ಸಲ. ಬಟ್ಟೆ ಎಲ್ಲಿ? ಡಿಕ್ಕಿಯಲ್ಲಿ, ದೊಡ್ಡ ಸೂಟ್‌ಕೇಸಿನಲ್ಲಿ, ಅದರ ಮೇಲೆ ಕಂಬಳಿ ಚೀಲ, ಅದರ ಮೇಲೆ ಅವ್ವ ಕಳಿಸಿದ್ದ ರೊಟ್ಟಿ ಡಬ್ಬಿ. ರಸ್ತೆ ಬದಿಯಲ್ಲಿ ಸೂಟ್‌ಕೇಸ್ ಬಿಚ್ಚಿ, ಆ ಚಳಿಯಲ್ಲಿ ಮಗುವನ್ನು ಬರಿಮೈಯಲ್ಲಿ ಟವೆಲ್ ಸುತ್ತಿ ಹಿಡಿದು ನಿಂತಿದ್ದೆವು. ಹಿಂದಿನಿಂದ ಬರುವ ಎಲ್ಲ ಗಾಡಿಗಳೂ ಹಾರ್ನ್ ಹೊಡೆದುಕೊಂಡೇ ಹೋದವು.

ತಪ್ಪು ಯಾವುದು ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೇ ಇದರ ತೀರ್ಮಾನ ಇನ್ನೂ ಆಗಿಲ್ಲ. ಹೆಂಡತಿ ಹಾಲು ಅಂತಾಳೆ. ಅಪ್ಪ ಅಷ್ಟು ಬೇಗ ಹೊರಡಿಸಿದ್ದು ಅಂತಾರೆ. ನಮ್ಮತ್ತೆ ಫೋನಿನಲ್ಲೇ ದೃಷ್ಟಿ ಅಂದುಬಿಟ್ಟರು. ಹಾಲು ಹೊಟ್ಟೆ ತುಂಬಿತ್ತು, ಒಪ್ಪುತ್ತೇನೆ. ಆದರೆ ಅದೇ ಹಾಲು ಕುಡಿದು ಅವನು ಬಾಗಲಕೋಟೆಯವರೆಗೂ ಹೋಗಿದ್ದಾನೆ, ಒಂದು ಹನಿ ಹೊರಗೆ ಬಂದಿಲ್ಲ. ನನ್ನ ಪ್ರಕಾರ ತಪ್ಪು ಒಂದೇ. ಘಾಟ್‌ನಲ್ಲಿ ಮೊಬೈಲ್ ಕೊಟ್ಟಿದ್ದು.

ಕಿವಿಯ ಒಳಗೆ ನಾವು ತಿರುಗುವುದನ್ನು, ವಾಲುವುದನ್ನು ಅಳೆಯುವ ಸಣ್ಣ ವ್ಯವಸ್ಥೆ ಇದೆ. ಪ್ರತಿ ತಿರುವಿನಲ್ಲೂ ಅದು ಮೆದುಳಿಗೆ "ತಿರುಗುತ್ತಿದ್ದೇವೆ" ಅಂತ ಹೇಳುತ್ತದೆ. ಕಣ್ಣು ಕಿಟಕಿಯಾಚೆ ನೋಡುತ್ತಿದ್ದರೆ ಅದೂ ಹೌದು ಅನ್ನುತ್ತದೆ. ಕಣ್ಣು ಮೊಬೈಲ್‌ನಲ್ಲಿದ್ದರೆ "ಇಲ್ಲ, ಎಲ್ಲ ನಿಂತಲ್ಲೇ ಇದೆ" ಅನ್ನುತ್ತದೆ. ಇಬ್ಬರ ಮಾತು ಹೊಂದದೆ ಹೊಟ್ಟೆ ತೊಳಸುತ್ತದೆ. ನಾವು ಇನ್ನೊಂದು ಘನಕಾರ್ಯ ಮಾಡಿದ್ದೆವು. ನಾಲ್ಕು ಜನ, ಸಾಮಾನು ಜಾಸ್ತಿ ಅಂತ ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಅವನ ಸೀಟನ್ನು ಮನೆಯಲ್ಲೇ ಬಿಟ್ಟಿದ್ದೆವು. ಆ ಸೀಟಿನಲ್ಲಿ ಕೂತರೆ ಅವನಿಗೆ ಕಿಟಕಿ ಸಿಗುತ್ತದೆ, ರಸ್ತೆ ಕಾಣುತ್ತದೆ. ಸುರಕ್ಷತೆಯ ಮಾತು ಬೇರೆ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೆಂಡತಿಯ ತೊಡೆಯ ಮೇಲೆ ಕೂತವನಿಗೆ ಕಾಣುತ್ತಿದ್ದದ್ದು ನನ್ನ ಸೀಟಿನ ಬೆನ್ನು ಮತ್ತು ಮೊಬೈಲು. ತಲೆ ಬೇರೆ ಬಗ್ಗಿಸಿಕೊಂಡಿದ್ದ.

ಈಗ ನಿಮಗೆ ಬೇಕಾದ ಮಾತು. ಎರಡು ವರ್ಷದ ಒಳಗಿನ ಮಕ್ಕಳಿಗೆ ಈ ತೊಂದರೆ ಆಗುವುದು ಬಹಳ ಕಡಿಮೆ. ಎರಡರಿಂದ ಹನ್ನೆರಡು ವರ್ಷದವರಿಗೇ ಜಾಸ್ತಿ. ನನ್ನ ಮಗ ಒಂದೂವರೆ ವರ್ಷದವನಿದ್ದಾಗ ಲೋಣಾವಳಾ ಘಾಟ್‌ನಲ್ಲಿ ಇದೇ ಮೊಬೈಲ್ ಹಿಡಿದು ನಗುತ್ತಾ ಕೂತಿದ್ದ. ಅದನ್ನು ನೋಡಿಯೇ ನನಗೆ ಧೈರ್ಯ. "ನಮ್ಮವಳಿಗೆ ಕಾರ್ ಅಭ್ಯಾಸ ಇದೆ, ಯಾವತ್ತೂ ವಾಂತಿ ಮಾಡಿಲ್ಲ" ಅಂತ ನೀವೂ ಬರೆದಿದ್ದೀರಿ. ನಿಮ್ಮ ಮಗಳು ಈಗ ಸರಿಯಾಗಿ ಆ ಗೆರೆ ದಾಟಿದ್ದಾಳೆ. ಇಲ್ಲಿಯವರೆಗೆ ಆಗದಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಂಚಗಣಿ ಮುಟ್ಟಿದೆವು. ಅಲ್ಲಿಂದ ಮಹಾಬಲೇಶ್ವರಕ್ಕೆ ಇಪ್ಪತ್ತು ಕಿಲೋಮೀಟರು ಕೂಡ ಇಲ್ಲ. ಆದರೆ ಹುಡುಗ ಕಾರಿನ ಬಾಗಿಲು ಕಂಡರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚೀರತೊಡಗಿದ. ಟೇಬಲ್ ಲ್ಯಾಂಡ್‌ಗೆ ಹೋದೆವು. ಏಷ್ಯಾದ ದೊಡ್ಡ ಪ್ರಸ್ಥಭೂಮಿಗಳಲ್ಲಿ ಒಂದು ಅಂತ ಹೇಳುತ್ತಾರೆ. ಅವನು ಅಲ್ಲಿ ಕುದುರೆಯ ಲದ್ದಿ ನೋಡಿದ. ಲದ್ದಿಯನ್ನು ಮಾತ್ರ ನೋಡಿದ. ನಾವು ಕಣಿವೆ ತೋರಿಸುತ್ತಿದ್ದೆವು, ಅವನು ಕೂತು ಲದ್ದಿಗೆ ಕಡ್ಡಿ ಚುಚ್ಚುತ್ತಿದ್ದ. ಮೂರಡಿ ಎತ್ತರದವರಿಗೆ ಕಣಿವೆ ಕಾಣುವುದಿಲ್ಲ ಸ್ವಾಮಿ, ಕಟಾಂಜನ ಕಾಣುತ್ತದೆ. ಪಾಯಿಂಟ್ ನೋಡುವುದು ದೊಡ್ಡವರ ಆಟ.

ಮಧ್ಯಾಹ್ನ ಊಟವಾದ ಮೇಲೆ ಅವನು ಅಪ್ಪನ ಹೆಗಲ ಮೇಲೆ ನಿದ್ದೆ ಹೋದ. ಈಗಲೇ ಮೇಲೆ ಹೋಗಿಬಿಡೋಣ ಅಂದೆ. ಹೆಂಡತಿ ನನ್ನನ್ನು ನೋಡಿದಳು. ಮೊದಲು ಮಾತಾಡಿದ್ದು ಅಪ್ಪ, "ಇಳೀಸಪಾ ಕೆಳಗ. ಹೊಳಿ ಅಲ್ಲೂ ಐತಿ." ಇಪ್ಪತ್ತರ ವೇಗದಲ್ಲಿ ಇಳಿದೆವು. ಮೇಲಿನ ಹೋಟೆಲಿಗೆ ಎರಡು ರಾತ್ರಿಯ 11,200 ರೂಪಾಯಿ ಕಟ್ಟಿದ್ದೆ. ಅದು ಹೋಯಿತು. ಅವರ ನಿಯಮ, ಅವರನ್ನು ಬೈದು ಏನು ಪ್ರಯೋಜನ.

ವಾಯಿಯಲ್ಲಿ ಒಂದು ಸಾದಾ ಲಾಡ್ಜ್ ಹಿಡಿದೆವು. ಮಾರನೇ ದಿನ ಪೂರ್ತಿ ಹೊಳೆಯ ದಂಡೆಯಲ್ಲಿ. ಢೋಲ್ಯಾ ಗಣಪತಿ ಗುಡಿ ಅಲ್ಲೇ ಇದೆ, ಗಣಪನ ಹೊಟ್ಟೆ ನಿಜವಾಗಿ ಡೊಳ್ಳು, ಮಕ್ಕಳಿಗೆ ಇಷ್ಟವಾಗುತ್ತೆ. ಸ್ವಲ್ಪ ದೂರದಲ್ಲೇ ಮೇಣವಲಿ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡೆ, ಅದರ ಹಿಂದೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಲ್ಲಿ ತೂಗುಹಾಕಿರುವ ದೊಡ್ಡ ಗಂಟೆ ವಸಯಿಯ ಪೋರ್ಚುಗೀಸರ ಚರ್ಚಿನದು, 1707ರದ್ದು. ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ವಸಯಿ ಗೆದ್ದಾಗ ಮರಾಠರ ಕೈಗೆ ಬಂದ ಗಂಟೆಗಳಲ್ಲಿ ಅದೂ ಒಂದು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆ ದಿನ ನಾವು ಮಾಡಿದ್ದು ನೀರಿಗೆ ಕಲ್ಲು ಹಾಕುವ ಕೆಲಸ. ಹುಡುಗ ಎಸೆಯುವುದು, ಅಜ್ಜ ಎಣಿಸುವುದು. ನೂರಾದ ಮೇಲೆ ಮತ್ತೆ ಒಂದರಿಂದ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಮರಾಠಿಯಲ್ಲಿ "ಕೃಷ್ಣಾಮಾಯಿಗೆ ಎಷ್ಟು ಹೊಡೀತೀಯೋ" ಅಂದಳು. ಅಪ್ಪ ಕನ್ನಡದಲ್ಲೇ ಉತ್ತರ ಕೊಟ್ಟರು, "ಹೊಡೀಲಿ ಬಿಡವ್ವಾ, ನಮ್ಮ ಹಳೇ ಲೆಕ್ಕ ಐತಿ." ಅವಳಿಗೆ ಏನು ಅರ್ಥವಾಯಿತೋ, ನಕ್ಕಳು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. "ಹೇಗಿದ್ದರೂ ಮಗುಗೆ ನೆನಪಿರಲ್ಲ" ಅಂತ ನಿಮ್ಮ ಮನೆಯಲ್ಲಿ ಹೇಳುತ್ತಿದ್ದಾರಂತೆ. ನೆನಪಿರಲ್ಲ, ನಿಜ. ಈಗ ಐದೂವರೆ ದಾಟಿದ ನನ್ನ ಮಗನಿಗೆ ಆ ಪ್ರವಾಸದ ಒಂದಕ್ಷರ ನೆನಪಿಲ್ಲ, ವಾಂತಿಯೂ ಸೇರಿ. ಅದಕ್ಕೇ ಹೇಳುತ್ತಿರೋದು. ನೆನಪಿಡದವರಿಗೆ ಒಂಬತ್ತು ಜಾಗ ಯಾಕೆ ತೋರಿಸಬೇಕು? ಒಂದು ನೀರು, ಒಂದು ಮಣ್ಣು, ಒಂದು ಇಳಿಜಾರು ಇದ್ದರೆ ಸಾಕು. ಪ್ರತಾಪಗಡಕ್ಕೆ ನೂರಾರು ಮೆಟ್ಟಿಲು, ಅರ್ಧ ದಾರಿಯಿಂದ ನೀವೇ ಹೊರಬೇಕು. ತಾಪೋಳಾಕ್ಕೆ ಮಹಾಬಲೇಶ್ವರದಿಂದ ಮತ್ತೊಂದು ಘಾಟ್ ಇಳಿಯಬೇಕು, ಅದನ್ನೇ ಹತ್ತಿ ಬರಬೇಕು. ಎರಡನ್ನೂ ಹೊಡೆದುಹಾಕಿ. ಪಂಚಗಣಿಯೋ ವಾಯಿಯೋ, ಒಂದೇ ಕಡೆ ಎರಡೂ ರಾತ್ರಿ ಇರಿ. ಮಹಾಬಲೇಶ್ವರ ನೋಡಲೇಬೇಕು ಅಂದರೆ ಒಂದು ಬೆಳಗ್ಗೆ ಹೋಗಿ, ಒಂದು ಜಾಗ ನೋಡಿ, ಸ್ಟ್ರಾಬೆರಿ ತಿಂದು, ಮಧ್ಯಾಹ್ನದ ನಿದ್ದೆಗೆ ರೂಮಿಗೆ ಬನ್ನಿ. ಮಧ್ಯಾಹ್ನದ ನಿದ್ದೆ ಬಿಡಿಸಿ ನೋಡುವಂಥ ಪಾಯಿಂಟು ಇಡೀ ಸಹ್ಯಾದ್ರಿಯಲ್ಲಿ ಇಲ್ಲ.

ಘಾಟ್ ಹತ್ತುವ ಮುಂಚೆ ಹಾಲು ಬೇಡ (ಇದು ಹೆಂಡತಿಯ ಮಾತು, ಮನೆಯ ಶಾಂತಿಗಾಗಿ ಸೇರಿಸಿದ್ದೇನೆ). ಒಣ ಚಪಾತಿ, ಚುರುಮುರಿ, ಇಡ್ಲಿ ಏನಾದರೂ ಸ್ವಲ್ಪ. ಕಿಟಕಿ ಸ್ವಲ್ಪ ಇಳಿಸಿ. ದೂರದ್ದನ್ನು ತೋರಿಸಿ, ಲಾರಿ ಎಣಿಸಿ, ಹಾಡು ಹೇಳಿ. ಬೆಳ್ಳಗಾಗಿ ಆಕಳಿಸಲು ಶುರು ಮಾಡಿದರೆ ಅದು ನಿದ್ದೆಯಲ್ಲ, ಗಾಡಿ ನಿಲ್ಲಿಸಲು ಜಾಗ ಹುಡುಕಿ. ವಾಂತಿ ಮಾತ್ರೆ, ಸಿರಪ್ ಎಲ್ಲ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ. ಮೆಡಿಕಲ್‌ನವನು ಕೊಟ್ಟ ಅಂತ ಕೊಡಬೇಡಿ. ಒಂದು ಜೊತೆ ಬಟ್ಟೆ, ಟವೆಲು, ನಾಲ್ಕು ಪ್ಲಾಸ್ಟಿಕ್ ಚೀಲ ನಿಮ್ಮ ಕಾಲ ಬುಡದಲ್ಲಿ ಇರಲಿ. ಡಿಕ್ಕಿಯಲ್ಲಿ ಇದ್ದರೆ ಅದು ಕೋಥ್ರೂಡ್‌ನಲ್ಲಿ ಇದ್ದ ಹಾಗೇ.

ಘಾಟ್ ಬೇಡವೇ ಬೇಡ ಅನ್ನಿಸಿದರೆ ಊರಲ್ಲೇ ಸುತ್ತಿ, ಅದೂ ಪ್ರವಾಸವೇ. ನಾವು ಆಮೇಲೆ ಒಂದು ವರ್ಷ ಅದನ್ನೇ ಮಾಡಿದೆವು. ಬೆಳಗ್ಗೆ ಬೇಗ ಕಾತ್ರಜ್ ಪ್ರಾಣಿಸಂಗ್ರಹಾಲಯ (ಬುಧವಾರ ರಜೆ, ನೆನಪಿರಲಿ). ವನಾಜ್‌ನಿಂದ ಮೆಟ್ರೋ ಹತ್ತಿ ಸುಮ್ನೆ ಹೋಗಿ ಸುಮ್ನೆ ಬರುವುದು. ಲೋಣಾವಳಾ ಲೋಕಲ್ ರೈಲು, ಅಲ್ಲಿ ಇಳಿದು ಒಂದು ಚಿಕ್ಕಿ, ಮುಂದಿನ ಲೋಕಲ್‌ಗೆ ವಾಪಸ್. ರೈಲಿನಲ್ಲಿ ಅವನು ಒಮ್ಮೆಯೂ ವಾಂತಿ ಮಾಡಿಲ್ಲ. ಯಾಕೆಂದರೆ ಕಿಟಕಿ ಬಿಟ್ಟು ಬೇರೆ ಕಡೆ ನೋಡೋದೇ ಇಲ್ಲ.

ಅಪ್ಪನ ವಿಷಯ ಅರ್ಧಕ್ಕೆ ಬಿಟ್ಟೆ, ಅಲ್ವಾ. ಮುಂದಿನ ಚಳಿಗಾಲ ಬಂದಾಗ ನಾನು ಮತ್ತೆ ಎಕ್ಸೆಲ್ ತೆರೆಯುತ್ತೇನೋ ಅಂತ ಅವರಿಗೆ ಹೆದರಿಕೆ ಇತ್ತೋ ಏನೋ. ಒಂದು ಮಂಗಳವಾರ ನಾನು ಆಫೀಸಿಗೆ ಹೋದ ಮೇಲೆ, ಸೊಸೆಗೆ ಮಾತ್ರ ಹೇಳಿ, ಸ್ವಾರಗೇಟ್‌ಗೆ ಹೋಗಿ ಎಸ್‌ಟಿ ಬಸ್ ಹತ್ತಿದ್ದಾರೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದರು. ಕೈಯಲ್ಲಿ ಒಂದು ಲೀಟರಿನ ಬಾಟಲಿ, ಗೋಮುಖದ ನೀರು. ಮೊಮ್ಮಗನನ್ನು ಕರೆದು "ತಗೋ, ನಮ್ಮ ಹೊಳಿ" ಅಂತ ಕೊಟ್ಟರು. ಅವನು ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ಬಾಲ್ಕನಿಯ ತುಳಸಿಗೆ ಸುರಿದ. ಸ್ವಲ್ಪ ಅವನ ಕಾಲ ಮೇಲೆ ಬಿತ್ತು. "ತಣ್ಣಗೈತಿ ಅಜ್ಜಾ" ಅಂದ.