ಮಾಲ್ಡಿನಿ 25 ಸೀಸನ್ ಒಂದೇ ಕ್ಲಬ್ಬಲ್ಲಿ ಹೆಂಗೆ ಆಡಿದ?

ನಮ್ ದಾವಣಗೆರೆ ಹೈಸ್ಕೂಲ್ ಫೀಲ್ಡಲ್ಲಿ ಫುಟ್‌ಬಾಲ್ ಆಡೋ ಯಾರನ್ನ ಕೇಳಿದ್ರೂ ಗೋಲ್ ಹೊಡೆಯೋ ಫಾರ್ವರ್ಡೇ ಆಗ್ಬೇಕಂತಾರೆ, ಗೋಲ್ ತಡೆಯೋ ಡಿಫೆಂಡರ್ ಬಗ್ಗೆ ಪ್ರಶ್ನೆ ಬಂದಿದ್ದೇ ಖುಷಿ.

ಪಾವ್ಲೊ ಮಾಲ್ಡಿನಿ 1985ರ ಜನವರಿಲಿ, ಇನ್ನೂ 16 ವರ್ಷಕ್ಕೆ, ಉಡಿನೇಸೆ ಟೀಮ್ ಮೇಲೆ ಇಟಲಿಯ ಎಸಿ ಮಿಲಾನ್ ಕ್ಲಬ್ ಪರ ಮೊದಲ ಮ್ಯಾಚ್ ಆಡಿದ, 2009ರಲ್ಲಿ ರಿಟೈರ್ ಆಗೋವರೆಗೂ ಬೇರೆ ಕ್ಲಬ್ ಜೆರ್ಸಿ ಹಾಕ್ಲೇ ಇಲ್ಲ, ಒಟ್ಟು 902 ಮ್ಯಾಚ್.

ಇಷ್ಟು ವರ್ಷ ಹೆಂಗೆ ಅಂದ್ರೆ, ನನ್ ಪ್ರಕಾರ ಜಾಗ ಬದಲಾಯಿಸ್ಕೊಂಡಿದ್ದೇ ದೊಡ್ಡ ಕಾರಣ. ಬಲಗಾಲಿನವನಾದ್ರೂ ಲೆಫ್ಟ್ ಬ್ಯಾಕಲ್ಲಿ, ಅಂದ್ರೆ ಡಿಫೆನ್ಸ್‌ನ ಎಡಗಡೆ, ಹೆಸರು ಮಾಡಿದ, ವಯಸ್ಸಾಗಿ ಓಟ ಕಮ್ಮಿ ಆಗ್ತಿದ್ದಂಗೆ ನಡುವೆ ಸೆಂಟರ್ ಬ್ಯಾಕ್ ಆದ, ಅಲ್ಲಿ ಸ್ಪೀಡಿಗಿಂತ ಎಲ್ಲಿ ನಿಲ್ಬೇಕು ಅನ್ನೋ ಲೆಕ್ಕಾಚಾರನೇ ಮುಖ್ಯ ನೋಡ್ರಿ. 1994ರ ಯುರೋಪಿಯನ್ ಕಪ್ (ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಫೈನಲ್‌ಗೆ ಮಿಲಾನ್‌ನ ಸೆಂಟರ್ ಬ್ಯಾಕ್‌ಗಳಾದ ಬರೇಸಿ, ಕೋಸ್ತಕುರ್ತ ಇಬ್ರೂ ಸಸ್ಪೆಂಡ್ ಆಗಿದ್ರು, ಇವ್ನೇ ನಡುವೆ ನಿಂತ, ಬಾರ್ಸಿಲೋನಾಗೆ ಒಂದ್ ಗೋಲೂ ಸಿಗ್ಲಿಲ್ಲ, 4-0.

ಒಟ್ಟು ಗೆದ್ದಿದ್ದು ಐದು ಯುರೋಪಿಯನ್ ಕಪ್, ಏಳು ಇಟಲಿ ಲೀಗ್. 2003ರಲ್ಲಿ ಕ್ಯಾಪ್ಟನ್ ಆಗಿ ಕಪ್ ಎತ್ತಿದ, ಅವನಪ್ಪ ಚೆಸಾರೆನೂ 1963ರಲ್ಲಿ ಮಿಲಾನ್ ಕ್ಯಾಪ್ಟನ್ ಆಗಿ ಅದೇ ಕಪ್ ಎತ್ತಿದ್ದ, ಅದೂ ಇಬ್ರೂ ಇಂಗ್ಲೆಂಡಲ್ಲೇ! 2005ರಲ್ಲಿ ಮಾತ್ರ ಪಾಪ, ಫೈನಲ್‌ನ ಮೊದಲ ನಿಮಿಷಕ್ಕೇ ಗೋಲ್ ಹೊಡೆದ್ರೂ, ಹಾಫ್ ಟೈಮಿಗೆ 3-0 ಇದ್ರೂ, ಪೆನಾಲ್ಟಿಲಿ ಲಿವರ್‌ಪೂಲ್‌ಗೆ ಸೋತ್ರು.

ಇಟಲಿ ಪರ 126 ಮ್ಯಾಚ್ ಆಡಿಯೂ ವಿಶ್ವಕಪ್ ಸಿಗ್ಲಿಲ್ಲ, 2002ಕ್ಕೆ ಬಿಟ್ಟ, 2006ರಲ್ಲಿ ಇಟಲಿ ಗೆದ್ತು. ಅವನ 3ನೇ ನಂಬರ್ ಜೆರ್ಸಿನ ಮಿಲಾನ್ ಬೇರೆಯವ್ರಿಗೆ ಕೊಡಲ್ಲ, ಅವನ ಮಕ್ಕಳು ಮೇನ್ ಟೀಮಲ್ಲಿ ಆಡಿದ್ರೆ ಅವ್ರಿಗೆ ಮಾತ್ರ ಅಂತ ಇಟ್ಟಿದಾರೆ.